ಸೊನ್ನೆ ಬೇರೆ, ಖಾಲಿ ಬೇರೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯ ಹುಡುಗರು ನನಗೆ ಕೊಟ್ಟಿರುವ ವಿಷಯ ‘ಉತ್ತಮ ಹವ್ಯಾಸಗಳು ಮತ್ತು ವ್ಯಕ್ತಿತ್ವ ವಿಕಸನ’. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಇದನ್ನು ಅಚ್ಚು ಹಾಕಿಸಿದ್ದು ನೋಡಿ ನಮ್ಮ ಮನೆಯಾಕೆ ನಕ್ಕಳು. “ಬೀಡಿ ಬಿಟ್ಟಿದ್ದು ಎಷ್ಟು ಸಲ ಅನ್ನೋದನ್ನೂ ಹೇಳಿ ಬನ್ನಿ” ಅಂದಳು. ನಾಲ್ಕು ಸಲ. ನಾಲ್ಕನೆಯ ಸಲ ಬಿಟ್ಟಿದ್ದು ಮಾತ್ರ ಒಂಬತ್ತು ವರ್ಷದಿಂದ ಕೈಹಿಡಿದಿದೆ. ಬೆಳಗ್ಗೆ ವಾಕಿಂಗ್ ಹೋಗಬೇಕೆಂದು ಮಗಳು ಬೂಟು ತಂದುಕೊಟ್ಟಳು, ಅದೀಗ ಅಟ್ಟದ ಮೇಲಿದೆ. ಪ್ರಾಣಾಯಾಮದ ಶಿಬಿರಕ್ಕೆ ಮೂರು ದಿನ ಹೋದೆ. ಹೀಗಿರುವವನು ವ್ಯಕ್ತಿತ್ವ ವಿಕಸನದ ಬಗ್ಗೆ ಮಾತಾಡುವುದು ಸರಿಯಲ್ಲ. ಅದಕ್ಕೆ ತಕ್ಕ ಡಾಕ್ಟರು, ಎಂಜಿನಿಯರು, ಅಧಿಕಾರಿಗಳು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಪಿಯುಸಿ ಫೇಲಾಗಿ ಊರಿಗೆ ಬಂದು ನೇಗಿಲು ಹಿಡಿದವನು. ನನ್ನಲ್ಲಿ ಉಳಿದ ಅಭ್ಯಾಸ ಒಂದೇ ಒಂದು. ಅದನ್ನು ಕೊಟ್ಟಿದ್ದು ಈ ಶಾಲೆ. ನಾನು ಅದನ್ನು ಇಪ್ಪತ್ತೈದು ವರ್ಷ ಕಳೆದುಕೊಂಡಿದ್ದೆ. ಆಮೇಲೆ ಮತ್ತೆ ಸಿಕ್ಕಿತು. ಅದರ ಕತೆ ಹೇಳುತ್ತೇನೆ.

1974ರಲ್ಲಿ ಎಂಟನೇ ತರಗತಿಗೆ ನಾವು ಸೇರಿದಾಗ ಇಲ್ಲಿ ಕಟ್ಟಡ ಇರಲಿಲ್ಲ. ಚಾವಡಿಯಲ್ಲಿ ಪಾಠ. ವಿಜ್ಞಾನಕ್ಕೆ ಬಂದ ಮೇಷ್ಟ್ರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು. ನಮ್ಮ ಮಧುಗಿರಿ ಸೀಮೆಗೆ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಹೋದ ಎಚ್. ನರಸಿಂಹಯ್ಯನವರ ಹೆಸರು ನಾವು ಮೊದಲು ಕೇಳಿದ್ದು ಇವರ ಬಾಯಿಂದ. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರುಮಾಡಿದ್ದರು. ಅಲ್ಲಿನ ಉಪನ್ಯಾಸಗಳನ್ನು ಕೇಳಿ ಬಂದ ನಮ್ಮ ಮೇಷ್ಟ್ರಿಗೂ ಅದೇ ಗಾಳಿ. ಏನು ಕೇಳಿದರೂ ಉತ್ತರ ಹೇಳುತ್ತಿರಲಿಲ್ಲ. “ನೋಡಿದ್ದೀಯಾ?” ಅನ್ನುತ್ತಿದ್ದರು.

ಒಂದು ದಿನ ಹಾಲಿನ ಪುಡಿಯ ಖಾಲಿ ಡಬ್ಬಿ ಹಿಡಿದು ಬಂದು, “ಇದರಲ್ಲಿ ಮಳೆ ಅಳೆಯೋಣ” ಅಂದರು. ನಾನು ಎದ್ದು ನಿಂತು, “ಸಾರ್, ದೊಡ್ಡ ಡಬ್ಬಿ ಇಟ್ಟರೆ ಜಾಸ್ತಿ ಮಳೆ ಬೀಳಲ್ವಾ? ಆಗ ಲೆಕ್ಕ ತಪ್ಪಾಗಲ್ವಾ?” ಎಂದು ಕೇಳಿದೆ. ಹುಡುಗರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. “ಇಟ್ಟು ನೋಡು” ಅಂದರು.

ಚಾವಡಿಯ ಮುಂದಿನ ಬಯಲಲ್ಲಿ ಮೂರು ಪಾತ್ರೆ ಇಟ್ಟೆವು. ಹಾಲಿನ ಪುಡಿಯ ಡಬ್ಬಿ, ಅದರ ಮೂರರಷ್ಟು ದೊಡ್ಡದಾದ ಬಿಸ್ಕತ್ತಿನ ಚೌಕ ಡಬ್ಬ, ಒಂದು ತಗಡಿನ ಬಕೆಟ್. ಆಮೇಲೆ ಒಂಬತ್ತು ದಿನ ಮಳೆ ಇಲ್ಲ. ಹತ್ತನೇ ದಿನ ಬೆಳಗ್ಗೆ ಓಡಿಹೋಗಿ ಸ್ಕೇಲು ಅದ್ದಿ ನೋಡಿದರೆ ಸಣ್ಣ ಡಬ್ಬಿಯಲ್ಲಿ 14 ಮಿಲಿಮೀಟರ್, ದೊಡ್ಡ ಡಬ್ಬದಲ್ಲೂ 14. ಬಕೆಟ್ಟಿನಲ್ಲಿ ಮಾತ್ರ ಹೆಚ್ಚು. ನನಗೆ ತಲೆ ತಿರುಗಿತು. ಎರಡು ದಿನ ಮೇಷ್ಟ್ರು ಬಾಯಿ ಬಿಡಲಿಲ್ಲ. ಮೂರನೇ ದಿನ ಮನೆಯ ಬಚ್ಚಲಲ್ಲಿ ಬಕೆಟ್ ನೋಡುತ್ತಾ ನಿಂತಾಗ ಹೊಳೆಯಿತು: ಬಕೆಟ್ಟಿಗೆ ಬಾಯಿ ಅಗಲ, ತಳ ಕಿರಿದು. ಅಗಲ ಬಾಯಲ್ಲಿ ಬಿದ್ದ ನೀರು ಕಿರಿದಾದ ತಳದಲ್ಲಿ ನಿಂತರೆ ಎತ್ತರ ಏರಲೇಬೇಕು. ಗೋಡೆ ನೆಟ್ಟಗಿರುವ ಡಬ್ಬಿ ಸಣ್ಣದಾದರೂ ದೊಡ್ಡದಾದರೂ ಅಳತೆ ಒಂದೇ. ಐವತ್ತು ವರ್ಷ ಆಯಿತು, ಆ ಬಚ್ಚಲ ಮನೆಯ ಬೆಳಕು ಇವತ್ತಿಗೂ ನೆನಪಿದೆ. ಮೇಷ್ಟ್ರು ಮೊದಲ ದಿನವೇ ಹೇಳಿದ್ದರೆ ಪರೀಕ್ಷೆಗೆ ಬರೆದು ಮರೆತುಬಿಡುತ್ತಿದ್ದೆ.

ಅಂದಿನಿಂದ ಮಳೆ ಬರೆಯುವ ಕೆಲಸ ನನ್ನದು. ಬೆಳಗ್ಗೆ ಎಂಟೂವರೆಗೆ ನೋಡಬೇಕು. ನಮ್ಮ ದೇಶದ ಹವಾಮಾನ ಇಲಾಖೆಯವರು ದಿನದ ಮಳೆಯ ಲೆಕ್ಕ ಹಿಡಿಯುವುದೂ ಅದೇ ಎಂಟೂವರೆಗೆ. ಹಿಂದಿನ ದಿನ ಎಂಟೂವರೆಯಿಂದ ಬಿದ್ದದ್ದನ್ನು ಈ ದಿನದ ತಾರೀಖಿಗೆ ಬರೆಯಬೇಕು. ಡಬ್ಬಿ ಮರದ ಕೆಳಗೆ, ಸೂರಿನ ಹತ್ತಿರ ಇರಬಾರದು. ಹತ್ತಡಿ ಗೋಡೆ ಇದ್ದರೆ ಇಪ್ಪತ್ತಡಿ ದೂರ. ಪೆನ್ನಿನಲ್ಲಿ ಬರೆಯಬಾರದು, ಪೆನ್ಸಿಲ್ಲಿನಲ್ಲಿ ಬರೆಯಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ, ಒಂದು ವಾರದ ಲೆಕ್ಕ ಮಳೆಯಲ್ಲೇ ತೊಳೆದುಹೋದ ಮೇಲೆ ಗೊತ್ತಾಯಿತು.

ಹದಿನೈದು ದಿನ ಆದಮೇಲೆ ಪುಸ್ತಕ ನೋಡಿದ ಮೇಷ್ಟ್ರು, “ಇದೇನೋ, ಬರೀ ಮೂರು ದಿನ ಬರೆದಿದ್ದೀಯ?” ಅಂದರು. “ಮಿಕ್ಕ ದಿನ ಮಳೆ ಬರಲಿಲ್ಲ ಸಾರ್” ಅಂದೆ. “ಬರಲಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ನೀನು ನೋಡದೇ ಇದ್ದಿರಬಹುದಲ್ಲ. ಸೊನ್ನೆ ಬೇರೆ, ಖಾಲಿ ಬೇರೆ ಕಣೋ. ಸೊನ್ನೆ ಅಂದರೆ ನಾನು ಹೋಗಿ ನೋಡಿದೆ, ಇರಲಿಲ್ಲ ಅಂತ. ಖಾಲಿ ಅಂದರೆ ನಾನು ಹೋಗಲೇ ಇಲ್ಲ ಅಂತ. ಮಳೆ ಬಂದ ದಿನ ಯಾರು ಬೇಕಾದರೂ ಬರೀತಾರೆ. ಬರದ ದಿನ ಬರೆಯೋನು ಬೇಕು” ಅಂದರು.

ನಮ್ಮದು ಬಯಲುಸೀಮೆ. ವರ್ಷದಲ್ಲಿ ಬಹುಪಾಲು ಬೆಳಗು ಸೊನ್ನೆಯೇ. ಹಾಗಾಗಿ ಈ ಅಭ್ಯಾಸ ಅಂದರೆ ಮಳೆ ಬರೆಯುವುದಲ್ಲ, ಸೊನ್ನೆ ಬರೆಯುವುದು. ಮೂರು ವರ್ಷ ಬರೆದೆ. 1977ರ ಮಾರ್ಚಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು, ಪುಸ್ತಕ ಮುಚ್ಚಿಟ್ಟೆ. ಪರೀಕ್ಷೆ ಮುಗಿದ ಮೇಲೆ ತೆಗೆಯೋಣ ಅಂದುಕೊಂಡೆ. ಒಳ್ಳೆಯ ಅಭ್ಯಾಸಗಳೆಲ್ಲ ಹೀಗೇ ನಿಲ್ಲುವುದು. ಯಾರೂ ‘ಇವತ್ತಿನಿಂದ ಬಿಟ್ಟೆ’ ಅಂತ ಬಿಡುವುದಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ಊರಿನವರಿಗೆ ಗೊತ್ತಿರುವುದೇ, ಹೊರಗಿನಿಂದ ಬಂದವರಿಗಾಗಿ ಹೇಳುತ್ತಿದ್ದೇನೆ. ನಮ್ಮ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು, ಅವನ ಪಾಲಿಗೆ ಗುಡ್ಡದ ಕಡೆಯ ಎರಡು ಎಕರೆ ಬಂದಿತ್ತು. ಅದರ ಕೆಳಗಿನದು ನನ್ನದು. ನಡುವೆ ಒಂದು ಬದು. 1991ರ ಅಕ್ಟೋಬರಿನಲ್ಲಿ, ಚಿತ್ತೆ ಮಳೆಯ ಒಂದು ರಾತ್ರಿ, ಆ ಬದು ಒಡೆದು ನನ್ನ ರಾಗಿಯ ಹೊಲದ ನಡುವೆ ಹಳ್ಳ ಹರಿಯಿತು. ತೆನೆ ಬಂದ ಪೈರು ಮಣ್ಣಿನಡಿ ಹೋಯಿತು. ಬೆಳಗ್ಗೆ ನೋಡಿದರೆ ಬದುವಿನ ಒಡಕಿನ ಪಕ್ಕದಲ್ಲಿ ಸನಿಕೆಯ ಗುರುತು. ಸಾಕಲ್ಲ? ನೇರ ಅವನ ಮನೆ ಮುಂದೆ ಹೋಗಿ ನಿಂತೆ. ಏನೇನು ಅಂದೆ ಅನ್ನುವುದನ್ನು ಈ ಶಾಲೆಯ ಅಂಗಳದಲ್ಲಿ ಹೇಳಲಾರೆ. ಅವನು ಬಾಗಿಲಲ್ಲಿ ನಿಂತವನು ಒಂದು ಮಾತೂ ಆಡದೆ ಒಳಕ್ಕೆ ಹೋದ. ತಪ್ಪಿತಸ್ಥ ಅಂತ ಅದೂ ಒಂದು ಸಾಕ್ಷಿ ಆಯಿತು ನನಗೆ.

ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ಕೋರ್ಟು, ವಾಯಿದೆ, ಬಸ್ ಚಾರ್ಜು. ಒಂದೇ ಬಸ್ಸಿನಲ್ಲಿ ಮಧುಗಿರಿಗೆ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು, ಅವನು ಮುಂದೆ, ನಾನು ಹಿಂದೆ. ಅವನ ಮನೆಯ ಮದುವೆಗೆ ನಾವಿಲ್ಲ, ನಮ್ಮ ಅಮ್ಮನ ತಿಥಿಗೆ ಅವರಿಲ್ಲ. ಹೆಂಗಸರು ಬಾವಿಯ ಹತ್ತಿರ ಕದ್ದು ಮಾತಾಡಿಕೊಳ್ಳುತ್ತಿದ್ದರು ಅನ್ನುವುದು ನಮಗಿಬ್ಬರಿಗೂ ಬಹಳ ಆಮೇಲೆ ಗೊತ್ತಾಯಿತು.

2002ರಲ್ಲಿ ನನ್ನ ಮಗಳು ಇದೇ ಶಾಲೆಯಲ್ಲಿ ಎಂಟನೇ ತರಗತಿ. ಅಟ್ಟದಲ್ಲಿ ಏನೋ ಹುಡುಕುವಾಗ ಅವಳಿಗೆ ನನ್ನ ಮಳೆ ಪುಸ್ತಕ ಸಿಕ್ಕಿತು. ಒಂದು ಸಂಜೆ ಪೂರ್ತಿ ಓದಿದಳು. ಆಮೇಲೆ ಕೇಳಿದಳು: “ಅಪ್ಪ, 1977ರಿಂದ ಯಾಕೆ ಖಾಲಿ?” ಮಳೆ ಬರಲಿಲ್ಲ ಅನ್ನುವಂತಿಲ್ಲ. ಸೊನ್ನೆ ಬೇರೆ ಖಾಲಿ ಬೇರೆ ಅಂತ ಮೊದಲ ಪುಟದಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದೆ.

ನೀರಿನ ಬಾಟಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಉಬ್ಬುತಗ್ಗಾದ ತಳಕ್ಕೆ ಸಿಮೆಂಟು ಹಾಕಿ ಮಟ್ಟ ಮಾಡಿ ಅವಳೇ ಮಾಪಕ ಮಾಡಿದಳು. ಆ ವರ್ಷ ರಾಜ್ಯದಲ್ಲೆಲ್ಲ ಬರ. ಹಿಂದಿನ ವರ್ಷವೂ ಬರ, ಮುಂದಿನ ವರ್ಷವೂ ಬರ. ಮಳೆ ಬರೆಯಲು ಶುರುಮಾಡುವುದಕ್ಕೆ ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲ, ಅಥವಾ ಅದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ. ಸೊನ್ನೆ, ಸೊನ್ನೆ, ಸೊನ್ನೆ. ಡೈರಿಗೆ ಹಾಲು ಹಾಕಿ ಬಂದು, ಕೊಟ್ಟಿಗೆಯ ಸಗಣಿ ಬಾಚಿ, ಕೈ ತೊಳೆದ ಮೇಲೆ ಬಾಟಲಿ ನೋಡುವುದು. ಪೆನ್ಸಿಲ್ಲನ್ನು ದಾರದಲ್ಲಿ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದೆವು. ಮಕ್ಕಳೇ, ಗುಟ್ಟು ಅಂತ ಏನಾದರೂ ಇದ್ದರೆ ಆ ದಾರವೇ. ಪೆನ್ಸಿಲ್ಲು ಹುಡುಕಬೇಕಾಗಿ ಬಂದಿದ್ದರೆ ಮೂರು ವಾರಕ್ಕೆ ಬಿಟ್ಟುಬಿಡುತ್ತಿದ್ದೆ.

ಬರೆಯುತ್ತಾ ಹೋದಂತೆ ಪ್ರಶ್ನೆಗಳು ಹುಟ್ಟಿದವು. ಊರಲ್ಲಿ ಯಾರೂ ಮಿಲಿಮೀಟರ್ ಅನ್ನುವುದಿಲ್ಲ. ‘ಒಂದು ಹದ ಆಯ್ತು’, ‘ಗೇಣು ಹಸಿ ಆಯ್ತು’, ‘ಬದು ತುಂಬ್ತು’ ಅನ್ನುತ್ತಾರೆ. ಹಾಗಾದರೆ ಹದ ಅಂದರೆ ಎಷ್ಟು? ಪುಸ್ತಕದಲ್ಲಿ ಇನ್ನೊಂದು ಸಾಲು ಎಳೆದು, ಹಿರಿಯರು ಆ ಮಳೆಯನ್ನು ಏನೆಂದು ಕರೆದರು ಅಂತ ಬರೆಯತೊಡಗಿದೆವು. ಕೆಲವು ವರ್ಷ ಆದಮೇಲೆ ನೋಡಿದರೆ ನಮ್ಮ ಕೆಂಪು ನೆಲಕ್ಕೆ 20 ಮಿಲಿಮೀಟರ್ ಆಸುಪಾಸು ಬಂದಾಗಲೆಲ್ಲ ಅವರು ಹದ ಅಂದಿದ್ದರು. ಮುದುಕಿಯರು ಬೆರಳಿಂದ ಮಣ್ಣು ಕೆದಕಿ ಹೇಳಿದ್ದು ಬಾಟಲಿಯ ಲೆಕ್ಕಕ್ಕೆ ಹೊಂದುತ್ತಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುವ ಗಾದೆಯನ್ನೂ ಹೋಲಿಸಿ ನೋಡಿದೆ. ನಮ್ಮ ಕಡೆ ವರ್ಷವನ್ನು ಉಳಿಸುವುದು, ಕೆಡಿಸುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆ: ಉತ್ತರೆ, ಹಸ್ತ, ಚಿತ್ತೆ. ಗಾದೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ಹೊಲದ ಪುಸ್ತಕಕ್ಕೆ ಅಷ್ಟು ದೊಡ್ಡ ಬಾಯಿ ಇಲ್ಲ.

ಮಳೆ ಅಳೆಯುವುದು ಹೊಸದೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಓಲೆಗರಿಯಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ಬರುತ್ತದೆ. ಉಗ್ರಾಣದಲ್ಲಿ ಒಂದು ಮೊಳ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕು, ಯಾವ ಸೀಮೆಗೆ ಎಷ್ಟು ಮಳೆ ಅನ್ನುವುದನ್ನು ತಿಳಿದು ಬಿತ್ತನೆ ಮಾಡಿಸಬೇಕು ಅಂತ. ಮಗಳು ಎಲ್ಲಿಂದಲೋ ಓದಿಕೊಂಡು ಬಂದು ಹೇಳಿದಾಗ ನನಗೆ ಹಾಲಿನ ಪುಡಿಯ ಡಬ್ಬಿಯ ಮೇಲೆ ಗೌರವ ಹೆಚ್ಚಾಯಿತು.

ವಿಷಯಕ್ಕೆ ಬರುತ್ತೇನೆ. ಅದೇ 2002ರ ಅಕ್ಟೋಬರಿನ ಒಂದು ಬೆಳಗ್ಗೆ ಮಗಳು ಪುಸ್ತಕದಲ್ಲಿ ಎರಡು ಅಂಕಿ ಬರೆದಿದ್ದಳು. 6 ಮತ್ತು 38.

“ಈ ಮೂವತ್ತೆಂಟು ಎಲ್ಲಿಯದು?”

“ದೊಡ್ಡಪ್ಪನ ಹೊಲದ್ದು.”

ನನಗೆ ತಿಳಿಸದೆ ಅಲ್ಲಿ ಇನ್ನೊಂದು ಬಾಟಲಿ ಇಟ್ಟಿದ್ದಳು. ದೊಡ್ಡಪ್ಪನನ್ನು ಕೇಳಿದಳಂತೆ, ಅವನು “ಇಟ್ಕಳವ್ವ” ಅಂದನಂತೆ. ನನಗೆ ನೆತ್ತಿಗೆ ಏರಿತು. ಬೈದೆ. ಅವಳು ಅಳುತ್ತಾ ಶಾಲೆಗೆ ಹೋದಳು. ಆದರೆ ಆ ಮೂವತ್ತೆಂಟು ನನ್ನನ್ನು ಬಿಡಲಿಲ್ಲ. ಒಂದೇ ಬದುವಿನ ಆಚೆ ಈಚೆ, ಆರು ಎಲ್ಲಿ, ಮೂವತ್ತೆಂಟು ಎಲ್ಲಿ? ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯಲ್ಲ ಅಂತ ಆಡಿಕೊಳ್ಳುತ್ತೇವೆ, ಆದರೂ ಇಷ್ಟೊಂದಾ? ಹುಡುಗಿ ಮರದ ಕೆಳಗೆ ಇಟ್ಟಿರಬೇಕು, ಎಲೆಯ ನೀರು ತೊಟ್ಟಿಕ್ಕಿರಬೇಕು ಎಂದು ತಪ್ಪು ಹಿಡಿಯಲಿಕ್ಕೇ ಹೊರಟೆ. ಹನ್ನೊಂದು ವರ್ಷದ ಮೇಲೆ ಆ ಬದು ದಾಟಿದೆ. ಅವನು ಮನೆಯಲ್ಲಿ ಇರುವ ಹೊತ್ತು ನೋಡಿಕೊಂಡೇ ಹೋಗಿದ್ದೆ. ಅವನು ಹೊಲದಲ್ಲೇ ಇದ್ದ.

“ಬಾಟ್ಲಿ ನೋಡಕ್ ಬಂದ್ಯೇನ್ಲಾ?” ಅಂದ.

“ಹೂಂ.”

“ಅಲ್ಲೈತೆ, ನೋಡು. ಮರ ಗಿರ ಏನಿಲ್ಲ. ನಾನೂ ಅದೇ ಅನ್ಕಂಡು ಸುತ್ತ ನೋಡ್ದೆ.”

ಬಾಟಲಿ ಬಟಾಬಯಲಲ್ಲೇ ಇತ್ತು. ಬಾಟಲಿಯ ಹತ್ತಿರ ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಆ ರಾತ್ರಿ ಮೋಡ ಗುಡ್ಡದ ನೆತ್ತಿಗೆ ಬಂದು ನಿಂತು ಸುರಿದು ನನ್ನ ಹೊಲಕ್ಕೆ ಬರುವಷ್ಟರಲ್ಲಿ ಮುಗಿದಿತ್ತು ಅಂತ ಅವನು ಕೈಯಲ್ಲಿ ತೋರಿಸಿದ. ಅವತ್ತು ಅಷ್ಟೇ ಮಾತು. ಮಾರನೇ ದಿನದಿಂದ ದಾರಿಯಲ್ಲಿ ಸಿಕ್ಕಾಗ, “ನಿಮ್ಮ ಕಡೆ ಎಷ್ಟಣ್ಣ?” ಅಂದರೆ ಒಂದು ಅಂಕಿ ಹೇಳುತ್ತಿದ್ದ. ನಮ್ಮ ಹಳ್ಳಿಗಳಲ್ಲಿ ಇದೊಂದು ಒಳ್ಳೆಯದು: ಮಳೆ ಎಷ್ಟಾಯಿತು ಅಂತ ಯಾರು ಯಾರನ್ನು ಬೇಕಾದರೂ ಕೇಳಬಹುದು, ಅದರಿಂದ ಯಾರೂ ಸಣ್ಣವರಾಗುವುದಿಲ್ಲ.

ಒಂದು ರಾತ್ರಿ ಮಗಳು ಲೆಕ್ಕ ಮಾಡುತ್ತಿದ್ದಳು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಗೆ 4,047 ಚದರ ಮೀಟರ್. ಅಂದರೆ 20 ಮಿಲಿಮೀಟರ್‌ನ ಒಂದು ಹದ ಮಳೆ ಎಕರೆಗೆ ಸುಮಾರು 81 ಸಾವಿರ ಲೀಟರ್ ಸುರಿಯುತ್ತದೆ. ಐದು ಸಾವಿರ ಲೀಟರಿನ ಹದಿನಾರು ಟ್ಯಾಂಕರ್. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಆಗ ಅವಳು, “ದೊಡ್ಡಪ್ಪನ ಎರಡು ಎಕರೆಗೆ 60 ಮಿಲಿಮೀಟರ್ ಬಂದರೆ ಎಷ್ಟು?” ಅಂತ ತನಗೆ ತಾನೇ ಕೇಳಿಕೊಂಡು ಗುಣಿಸಿದಳು. ನಾಲ್ಕು ಲಕ್ಷದ ಎಂಬತ್ತೈದು ಸಾವಿರ ಲೀಟರ್. ಅದರಲ್ಲಿ ಸ್ವಲ್ಪ ಭೂಮಿಗೆ ಇಂಗುತ್ತದೆ, ನಿಜ. ಆದರೆ ಅದರ ಮೇಲೆ ಗುಡ್ಡದಿಂದ ಇಳಿದು ಬರುವ ನೀರು ಬೇರೆ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. 1991ರ ಅಕ್ಟೋಬರಿನ ಆ ರಾತ್ರಿ ಅವನ ಹೊಲದಲ್ಲಿ ಎಷ್ಟು ಮಳೆ ಬಿದ್ದಿತ್ತು? ಮೊಣಕಾಲೆತ್ತರದ ಮಣ್ಣಿನ ಬದು ಐದು ಲಕ್ಷ ಲೀಟರ್ ನೀರನ್ನು ತಡೆಯುತ್ತದೆಯೇ? ಎದ್ದು ಹಳೆಯ ಪುಸ್ತಕ ತೆಗೆದೆ, ಅದು 1977ಕ್ಕೇ ನಿಂತಿದೆ ಅಂತ ಗೊತ್ತಿದ್ದರೂ ತೆಗೆದೆ. ಆ ರಾತ್ರಿಯ ಅಂಕಿ ಎಲ್ಲಿಯೂ ಇಲ್ಲ. ಅವನ ಹೊಲದ್ದು ಹಾಗಿರಲಿ, ನನ್ನ ಹೊಲದ್ದೇ ನನ್ನಲ್ಲಿ ಇಲ್ಲ. ಬರೆದಿದ್ದರೆ ಅವತ್ತು ಬೆಳಗ್ಗೆ ಡಬ್ಬಿಯ ಹತ್ತಿರ ಮೊದಲು ಹೋಗುತ್ತಿದ್ದೆನೋ ಏನೋ, ಅವನ ಮನೆ ಮುಂದೆ ಹೋಗುವುದಕ್ಕೆ ಮುಂಚೆ.

ಕೇಳಲು ಇನ್ನೂ ಮೂರು ತಿಂಗಳು ಬೇಕಾಯಿತು. ಸಂಕ್ರಾಂತಿಯ ದಿನ ಮಗಳ ಕೈಯಲ್ಲಿ ಎಳ್ಳು ಕಳಿಸುವ ಬದಲು ನಾನೇ ಹೋದೆ. ಜಗಲಿಯಲ್ಲಿ ಕೂತು ಕೇಳಿಯೇಬಿಟ್ಟೆ: “ಅಣ್ಣ, ಆವತ್ತು ರಾತ್ರಿ ಏನಾಯ್ತು?” ‘ಬದು ಯಾಕೆ ಒಡೆದೆ’ ಅಂತ ಕೇಳಲಿಲ್ಲ. ಆ ಪ್ರಶ್ನೆಯನ್ನು ಹನ್ನೊಂದು ವರ್ಷ ವಕೀಲರ ಬಾಯಲ್ಲಿ ಕೇಳಿಸಿದ್ದಾಗಿತ್ತು.

ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. “ಸನಿಕೆ ಹಾಕಿದ್ದು ನಿಜ ಕಣಪ್ಪ. ಸುಳ್ಯಾಕ್ ಹೇಳ್ಲಿ. ನೀರು ಮಂಡಿ ಮಟ್ಟ ನಿಂತಿತ್ತು. ಹಂಗೇ ಬಿಟ್ಟಿದ್ರೆ ಬದು ಪೂರ್ತಿ ಕಿತ್ಕಂಡು ನಿನ್ ಹೊಲ ಎಲ್ಲ ಕೊಚ್ಕಂಡ್ ಹೋಗೋದು. ಒಂದಡಿ ದಾರಿ ಮಾಡಿದ್ರೆ ಮೆಲ್ಲಗೆ ಇಳೀತದೆ ಅನ್ಕಂಡೆ. ನಾನ್ ಒಂದಡಿ ಬಿಡಿಸ್ದೆ, ನೀರು ಹತ್ತಡಿ ಬಿಡಿಸ್ಕಂಡ್ತು. ಬೆಳಗ್ಗೆ ನಿಂಗೆ ಹೇಳಾನ ಅಂತ ಅಂಗಿ ಹಾಕ್ಕಂತಿದ್ದೆ. ಅಷ್ಟರಲ್ಲಿ ನೀನೇ ಬಂದೆ.”

“ಅವತ್ತೇ ಹೇಳಬಾರದಾಗಿತ್ತಾ?”

“ನೀನು ಕೇಳ್ಳಿಲ್ಲವಲ್ಲ. ಬೈದೆ ಅಷ್ಟೆ.”

ಅವನು ಹೇಳಿದ್ದು ಪೂರ್ತಿ ನಿಜವೋ, ಹನ್ನೊಂದು ವರ್ಷದಲ್ಲಿ ಅವನ ಮನಸ್ಸಿನಲ್ಲಿ ಹಾಗೆ ರೂಪಗೊಂಡಿತ್ತೋ, ನಾನು ಪ್ರಮಾಣ ಮಾಡಿ ಹೇಳಲಾರೆ. ನನ್ನ ಸಿಟ್ಟು ಪೂರ್ತಿ ಸುಳ್ಳಾಗಿತ್ತು ಅಂತಲೂ ಹೇಳಲಾರೆ. ಸನಿಕೆ ಬಿದ್ದಿತ್ತು, ರಾಗಿ ಹೋಗಿತ್ತು. ಆದರೆ ಅವನು ಅಂಗಿ ಹಾಕಿಕೊಳ್ಳುತ್ತಿದ್ದ ಅನ್ನುವುದು ನನಗೆ ಎಂದೂ ಹೊಳೆಯದ ಸಂಗತಿ. ಕೇಸು ರಾಜಿಯಾಯಿತು. ಬದುವಿಗೆ ಒಂದು ಕಡೆ ಕಲ್ಲು ಕಟ್ಟಿ ಹೆಚ್ಚಾದ ನೀರು ಹಳ್ಳಕ್ಕೆ ಇಳಿಯುವಂತೆ ದಾರಿ ಮಾಡಿದೆವು. ಖರ್ಚು ಅರ್ಧ ಅರ್ಧ. ವಾಯಿದೆಗೆ ಓಡಾಡಿದ ದುಡ್ಡಲ್ಲಿ ಅಂಥದ್ದು ಹತ್ತು ಕಟ್ಟಬಹುದಿತ್ತು.

ಆಮೇಲೆ ಅವನೂ ಒಂದು ಪುಸ್ತಕ ಇಟ್ಟ. ನನಗಿಂತ ಶಿಸ್ತಿನವನು. ಒಮ್ಮೆ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಎದ್ದವನು, ಮಳೆ ಬಂದ ಸದ್ದೇ ಕೇಳಿಸಲಿಲ್ಲವಲ್ಲ ಎಂದು ನಾಲ್ಕೂ ದಿನಕ್ಕೆ ಸೊನ್ನೆ ಬರೆದುಬಿಟ್ಟೆ. ಪುಸ್ತಕ ಪಕ್ಕಪಕ್ಕ ಇಟ್ಟು ನೋಡುವಾಗ ಅವನು ಬೆರಳಿಟ್ಟು ಕೇಳಿದ: “ಇದು ನೋಡಿ ಬರೆದ್ಯೋ, ಮಲಗಿದ್ದೇ ಬರೆದ್ಯೋ?” ಅವನ ಪುಸ್ತಕದಲ್ಲಿ ಅದರಲ್ಲೊಂದು ದಿನ 3 ಇತ್ತು. ಅಳಿಸಿ ‘ನೋಡಲಿಲ್ಲ’ ಎಂದು ಬರೆದೆ. ಅಂದಿನಿಂದ ಊರಲ್ಲಿಲ್ಲದ ದಿನ, ಕಾಯಿಲೆಯ ದಿನ ‘ನೋಡಲಿಲ್ಲ’ ಅಂತಲೇ ಬರೆಯುವುದು. ನನ್ನ ಪುಸ್ತಕದಲ್ಲಿ ಅಂಥವು ಬೇಕಾದಷ್ಟಿವೆ, ನಾಚಿಕೆ ಇಲ್ಲ. ತಪ್ಪಿದ ದಿನದ ಮಾರನೇ ದಿನ ಪೆನ್ಸಿಲ್ಲು ಹಿಡಿದರೆ ಆಯಿತು. ನನ್ನ ವಾಕಿಂಗು ನಿಂತಿದ್ದು ತಪ್ಪಿದ ದಿನದಿಂದಲ್ಲ, ಅದರ ಮಾರನೇ ದಿನದಿಂದ.

ಮಳೆ ಬರೆದು ನಾನು ಒಳ್ಳೆಯವನಾದೆ ಅಂದುಕೊಳ್ಳಬೇಡಿ. ಮನೆಯಾಕೆ ಮುಂದಿನ ಸಾಲಲ್ಲೇ ಕೂತಿದ್ದಾಳೆ, ಸುಳ್ಳು ಹೇಳಿದರೆ ಎದ್ದು ನಿಲ್ಲುತ್ತಾಳೆ. ಸಿಟ್ಟು ಈಗಲೂ ಬರುತ್ತದೆ. ಆದರೆ ಬಂದ ಸಿಟ್ಟು ‘ನೋಡಿದ್ದೀಯಾ?’ ಅನ್ನುವ ಮೇಷ್ಟ್ರ ದನಿಯನ್ನು ಒಮ್ಮೊಮ್ಮೆ ದಾಟಿಹೋಗಲಾರದೆ ನಿಲ್ಲುತ್ತದೆ. ಎಲ್ಲ ಸಲವೂ ಅಲ್ಲ.

ಈಗ ಗ್ರಾಮ ಪಂಚಾಯಿತಿಗೊಂದರಂತೆ ಸರ್ಕಾರದ ಮಳೆ ಮಾಪಕ ಬಂದಿದೆ. ಸೋಲಾರ್ ಹಲಗೆ ಇರುವ ಕಂಬ. ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ. ವರುಣ ಮಿತ್ರಕ್ಕೆ ಫೋನ್ ಮಾಡಿದರೆ ರಾತ್ರಿ ಹನ್ನೆರಡಕ್ಕೂ ಹೇಳುತ್ತಾರೆ. ನಾನೂ ಮಾಡುತ್ತೇನೆ, ಒಳ್ಳೆಯ ಜನ. ಒಬ್ಬ ಹುಡುಗ ಕೇಳಿದ, ಇಷ್ಟೆಲ್ಲ ಇರುವಾಗ ನೀವು ಯಾಕೆ ಬಾಟಲಿ ನೋಡೋದು ಅಂತ. ಆ ಕಂಬ ನನ್ನ ಹೊಲದಿಂದ ನಾಲ್ಕು ಕಿಲೋಮೀಟರ್ ದೂರ ಇದೆ. ಒಂದು ಬದುವಿನ ಆಚೆ ಈಚೆ ಆರು, ಮೂವತ್ತೆಂಟು ಆಗುವ ಊರು ನಮ್ಮದು.

2022ರಲ್ಲಿ ನಮ್ಮ ಕೆರೆ ಕೋಡಿ ಬಿದ್ದಾಗ ಅಣ್ಣನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದೆ. ಮರುವರ್ಷವೇ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಹೇಳಿತು. ಆ ವರ್ಷ ಸೆಪ್ಟೆಂಬರಿನಲ್ಲಿ, ಉತ್ತರೆ ಮಳೆ ಬರಬೇಕಾದ ದಿನಗಳಲ್ಲಿ, ಅವನು ಹೋದ. ಅವನ ಪುಸ್ತಕದಲ್ಲಿ ಅವನ ಕೈಬರಹದ ಕೊನೆಯ ಗುರುತು ಒಂದು ಸೊನ್ನೆ. ಅದರ ಕೆಳಗೆ ಮೂರು ದಿನ ಸೊಸೆಯ ಅಕ್ಷರದಲ್ಲಿ ‘ನೋಡಲಿಲ್ಲ’, ‘ನೋಡಲಿಲ್ಲ’, ‘ನೋಡಲಿಲ್ಲ’. ನಾಲ್ಕನೇ ದಿನದಿಂದ ಮತ್ತೆ ಅಂಕಿ. ಅವಳೂ ಇದೇ ಶಾಲೆಯ ವಿದ್ಯಾರ್ಥಿನಿ. ಈಗ ಬೆಳಗ್ಗೆ ಎಂಟೂವರೆ ದಾಟಿದರೆ ನನ್ನ ಫೋನಿಗೆ ವಾಟ್ಸಾಪಿನಲ್ಲಿ ಒಂದು ಅಂಕಿ ಬರುತ್ತದೆ. ನನ್ನದನ್ನು ನಾನು ಕಳಿಸುತ್ತೇನೆ. ಬೆಂಗಳೂರಿನಲ್ಲಿರುವ ಮಗಳು ಎರಡನ್ನೂ ನೋಡುತ್ತಾಳೆ. ಅವಳು ಇರುವ ಮನೆಯ ಬಾಲ್ಕನಿ ಮೇಲೆ ಇನ್ನೊಬ್ಬರ ಬಾಲ್ಕನಿ ಇದೆಯಂತೆ, ಬಾಟಲಿ ಇಡಲು ಅವಳ ಪಾಲಿಗೆ ಆಕಾಶವೇ ಇಲ್ಲವಂತೆ.

ಕೊನೆಯದಾಗಿ ಒಂದು ಕೆಲಸದ ಮಾತು. ಮೊದಲನೇ ತಂಡದವರು ಸೇರಿ ಶಾಲೆಗೆ ಒಂದು ಮಳೆ ಮಾಪಕ ತಂದಿದ್ದೇವೆ. ಆಟದ ಮೈದಾನದ ಬಡಗಣ ಮೂಲೆಯಲ್ಲಿ, ಬೇವಿನ ಮರದಿಂದ ದೂರಕ್ಕೆ, ನಿನ್ನೆ ಸಂಜೆ ನಿಲ್ಲಿಸಿದ್ದಾಗಿದೆ. ಜೊತೆಗೆ ಒಂದು ದಪ್ಪ ಪುಸ್ತಕ, ದಾರ ಕಟ್ಟಿದ ಪೆನ್ಸಿಲ್ಲು. ಇವತ್ತು ಬೆಳಗ್ಗೆ ಎಂಟನೇ ತರಗತಿಯ ಒಬ್ಬಳು ಹುಡುಗಿ ಹೋಗಿ ನೋಡಿ ಮೊದಲ ಸಾಲು ಬರೆದಿದ್ದಾಳೆ: ಸೊನ್ನೆ. ಶಾಲೆ ನಡೆಯುವ ದಿನಗಳಿಗೆ ಮಕ್ಕಳು ಒಪ್ಪಿಕೊಂಡಿದ್ದಾರೆ. ಭಾನುವಾರಕ್ಕೆ ಮತ್ತು ಬೇಸಿಗೆ ರಜೆಗೆ ಯಾರೂ ಸಿಕ್ಕಿಲ್ಲ. ಶಾಲೆಯ ಹತ್ತಿರ ಮನೆ ಇರುವವರು ಇಬ್ಬರು ಬೇಕು. ಊಟವಾದ ಮೇಲೆ ನಾನು ಆ ಮಾಪಕದ ಹತ್ತಿರ ನಿಂತಿರುತ್ತೇನೆ. ಬಂದು ಹೆಸರು ಕೊಡಿ.